ಗೇರ್‌ಬಾಕ್ಸ್ ಮೌಂಟ್

ಗೇರ್‌ಬಾಕ್ಸ್ ಮೌಂಟ್ ಎಂಬುದು ವಾಹನದ ಗೇರ್‌ಬಾಕ್ಸನ್ನು ಚಾಸಿಗೆ ಅಥವಾ ದೇಹದ ಚೌಕಟ್ಟಿಗೆ ಸೇರಿಸುವ ಆಧಾರಭಾಗ. ಸಾಮಾನ್ಯವಾಗಿ ಇದು ಲೋಹದ ಎರಡು ತಟ್ಟೆಗಳ ನಡುವೆ ಬೆಸೆದ ರಬ್ಬರಿನಿಂದ ಕೂಡಿರುತ್ತದೆ. ಗೇರ್‌ಬಾಕ್ಸಿನ ತೂಕವನ್ನು ಹೊರುವುದು, ಎಂಜಿನ್ನಿನ ತಿರುಚುಬಲಕ್ಕೆ ಅದು ಜರುಗದಂತೆ ಹಿಡಿದಿಡುವುದು ಮತ್ತು ಕಂಪನವು ಪ್ರಯಾಣಿಕರನ್ನು ತಲುಪದಂತೆ ತಡೆಯುವುದು ಇದರ ಕೆಲಸ. ಗ್ಯಾರೇಜುಗಳಲ್ಲಿ ಇದನ್ನು ಮೌಂಟಿಂಗ್ ಎಂದೂ ಕರೆಯುತ್ತಾರೆ.

ಹಿನ್ನೆಲೆ

ಆರಂಭಕಾಲದ ಅನೇಕ ಕಾರುಗಳಲ್ಲಿ ಎಂಜಿನ್ನನ್ನು ನೇರವಾಗಿ ಚಾಸಿಗೆ ಬಿಗಿಯಲಾಗುತ್ತಿತ್ತು. 1931ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿಯು ಪ್ಲಿಮತ್ ಕಾರಿನಲ್ಲಿ ‘ಫ್ಲೋಟಿಂಗ್ ಪವರ್’ ಎಂಬ ವ್ಯವಸ್ಥೆಯನ್ನು ತಂದಿತು. ಇದರಲ್ಲಿ ಎಂಜಿನ್ನಿನ ಮುಂದೆ ಎತ್ತರದಲ್ಲಿ ಒಂದು, ಹಿಂದೆ ಗೇರ್‌ಬಾಕ್ಸಿನ ಕೆಳಗೆ ಇನ್ನೊಂದು ರಬ್ಬರ್ ಆಧಾರವಿತ್ತು. ನಾಲ್ಕು ಸಿಲಿಂಡರಿನ ಎಂಜಿನ್ನಿನ ಅಲುಗಾಟವು ಇದರಿಂದ ಬಹಳ ಕಡಿಮೆಯಾಯಿತು. ಫ್ರಾನ್ಸಿನ ಸಿಟ್ರೊಯೆನ್ ಕಂಪನಿಯೂ ಇದರ ಪರವಾನಗಿ ಪಡೆದು ಬಳಸಿತು.

ಜೋಡಣೆಯ ಬಗೆಗಳು

ಅಂಬಾಸಿಡರ್‌ನಂತಹ ಹಿಂಚಕ್ರ ಚಾಲನೆಯ ಕಾರುಗಳಲ್ಲಿ ಗೇರ್‌ಬಾಕ್ಸಿನ ಹಿಂತುದಿಯು ಅಡ್ಡಪಟ್ಟಿಯ ಮೇಲೆ ಕೂರುತ್ತದೆ. ಮಾರುತಿ 800ರಂತಹ ಮುಂಚಕ್ರ ಚಾಲನೆಯ ಕಾರುಗಳಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ಅಡ್ಡಲಾಗಿ, ಒಂದೇ ಘಟಕವಾಗಿರುತ್ತವೆ. ಮೌಂಟುಗಳು ಆ ಇಡೀ ಘಟಕದ ಭಾರವನ್ನು ಹಂಚಿಕೊಳ್ಳುತ್ತವೆ. ಕೆಲವು ಕಾರುಗಳಲ್ಲಿ ರಬ್ಬರಿನೊಳಗೆ ದ್ರವ ತುಂಬಿದ ಮೌಂಟುಗಳಿರುತ್ತವೆ.

ಹಾಳಾಗುವ ಲಕ್ಷಣಗಳು

ಕಾಲಕ್ರಮದಲ್ಲಿ ರಬ್ಬರ್ ಗಡುಸಾಗಿ ಬಿರುಕು ಬಿಡುತ್ತದೆ ಅಥವಾ ಲೋಹದಿಂದ ಕಳಚಿಕೊಳ್ಳುತ್ತದೆ. ಸೀಲಿನಿಂದ ಸೋರುವ ಎಣ್ಣೆಯು ಅದನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. ಕ್ಲಚ್ ಬಿಡುವಾಗ ‘ಧಡ್’ ಎಂಬ ಸದ್ದು, ಗೇರ್ ಲಿವರಿನ ಅತಿಯಾದ ಅಲುಗಾಟ, ಗೇರ್ ತಾನಾಗಿ ಜಾರುವುದು ಮುಖ್ಯ ಲಕ್ಷಣಗಳು. ಇವು ಗೇರ್‌ಬಾಕ್ಸಿನ ಒಳದೋಷದಂತೆಯೇ ತೋರುವುದರಿಂದ, ದುಬಾರಿ ಗೇರ್‌ಬಾಕ್ಸನ್ನು ಬಿಚ್ಚುವ ಮುನ್ನ ಅಗ್ಗದ ಮೌಂಟನ್ನು ಪರೀಕ್ಷಿಸುವುದು ಒಳಿತು.

ಹಳೆಯ ಮೌಂಟುಗಳನ್ನು ತೆಗೆಯುವುದು

ಗೇರ್‌ಬಾಕ್ಸನ್ನು ಬದಲಿಸುವಾಗ ಮೌಂಟಿನ ಬೋಲ್ಟುಗಳು ಬಿಚ್ಚುವ ಕೊನೆಯ ಆಧಾರಗಳಾಗಿರುತ್ತವೆ. ಮೊದಲು ಬ್ಯಾಟರಿಯ ಋಣ ತಂತಿಯನ್ನು ಕಳಚಿ, ಕಾರನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ಎತ್ತಿ, ಸ್ಟ್ಯಾಂಡುಗಳ ಮೇಲೆ ನಿಲ್ಲಿಸಬೇಕು. ಜಾಕ್ ಎತ್ತುವ ಸಾಧನವೇ ಹೊರತು ಹೊತ್ತು ನಿಲ್ಲುವ ಸಾಧನವಲ್ಲ. ಬರೀ ಜಾಕಿನ ಮೇಲಿರುವ ಕಾರಿನ ಅಡಿಗೆ ಹೋಗುವುದು ಪ್ರಾಣಾಪಾಯಕಾರಿ.

ಮೌಂಟ್ ಬಿಚ್ಚುವ ಮೊದಲೇ ಗೇರ್‌ಬಾಕ್ಸಿನ ಕೆಳಗೆ ಪ್ರತ್ಯೇಕ ಜಾಕನ್ನಿಟ್ಟು, ಬೋಲ್ಟಿನ ಮೇಲಿನ ಭಾರ ಇಳಿಯುವಷ್ಟು ಮಾತ್ರ ಎತ್ತಲಾಗುತ್ತದೆ. ಎಂಜಿನ್ನಿಗೂ ಆಸರೆ ಬೇಕು. ಹಿಂಚಕ್ರ ಚಾಲನೆಯ ಕಾರಿನಲ್ಲಿ ಅಡ್ಡಪಟ್ಟಿ ತೆಗೆದೊಡನೆ ಎಂಜಿನ್ ಹಿಂದಕ್ಕೆ ವಾಲಿ, ರೇಡಿಯೇಟರಿನ ಕೊಳವೆಗಳನ್ನು ಎಳೆಯಬಹುದು, ಅದರ ಹಿಂಭಾಗ ಗೋಡೆಗೆ ತಾಗಬಹುದು. ಮುಂಚಕ್ರ ಚಾಲನೆಯ ಕಾರಿನಲ್ಲಿ ಎಂಜಿನ್ನನ್ನು ಮೇಲಿನಿಂದ ಅಡ್ಡಕಂಬಿಗೆ ತೂಗುಹಾಕುವುದು ರೂಢಿ.

ತುಕ್ಕು ಹಿಡಿದ ಬೋಲ್ಟಿಗೆ ತುಕ್ಕು ಸಡಿಲಿಸುವ ಎಣ್ಣೆ ಹಾಕಿ ಕಾಯಬೇಕು. ಗೇರ್‌ಬಾಕ್ಸಿನ ಕವಚ ಬಹುಮಟ್ಟಿಗೆ ಅಲ್ಯೂಮಿನಿಯಂನದು. ಅವಸರದಿಂದ ತಿರುಗಿಸಿದರೆ ಅದರ ಮರೆ ಕಿತ್ತುಬರುತ್ತದೆ. ಹಳೆಯ ಗೇರ್‌ಬಾಕ್ಸಿಗೆ ಬಿಗಿದ ಬ್ರಾಕೆಟ್ಟನ್ನು ಎಷ್ಟೋ ವೇಳೆ ಹೊಸದಕ್ಕೆ ವರ್ಗಾಯಿಸಬೇಕಾಗುವುದರಿಂದ, ಅದನ್ನು ಹಳೆಯದರ ಜೊತೆಗೇ ಗುಜರಿಗೆ ಹಾಕಬಾರದು.

ಬೇರೆ ಮಾದರಿಯ ಗೇರ್‌ಬಾಕ್ಸ್ ಕೂರಿಸುವಾಗ ಚಾಸಿಗೆ ಬೆಸುಗೆಯಾದ ಹಳೆಯ ಆಧಾರಗಳನ್ನು ಗ್ರೈಂಡರಿನಿಂದ ಕತ್ತರಿಸಬೇಕಾಗುತ್ತದೆ. ಹೊಸ ಸ್ಥಾನವನ್ನು ಅಳೆದು ಖಚಿತಪಡಿಸಿಕೊಳ್ಳುವ ತನಕ ಕತ್ತರಿಸದಿರುವುದು ಜಾಣತನ. ಏಕೆಂದರೆ ಗೇರ್‌ಬಾಕ್ಸಿನ ಓರೆ ಬದಲಾದರೆ ಪ್ರೊಪೆಲ್ಲರ್ ಶಾಫ್ಟಿನ ಕೋನವೂ ಬದಲಾಗಿ, ವೇಗದಲ್ಲಿ ನಡುಕ ಹುಟ್ಟುತ್ತದೆ. ಇಂಧನ ಮತ್ತು ಬ್ರೇಕ್ ಕೊಳವೆಗಳು ಸಮೀಪದಲ್ಲೇ ಹಾಯುವುದರಿಂದ ಕಿಡಿಯಿಂದ ಬೆಂಕಿಯ ಅಪಾಯವಿದೆ. ಆಧಾರವನ್ನು ಚಾಸಿಯ ಲೋಹದವರೆಗೆ ಕೊರೆಯದೆ, ಬೆಸುಗೆಯ ಗೆರೆಯಷ್ಟನ್ನೇ ಉಜ್ಜಿ ಬಿಡಿಸಿ, ಬರಿಯಾದ ಜಾಗಕ್ಕೆ ಪ್ರೈಮರ್ ಮತ್ತು ಬಣ್ಣ ಬಳಿಯಲಾಗುತ್ತದೆ.

ಮರುಜೋಡಣೆ

ಹೊಸ ಮೌಂಟಿನ ಬೋಲ್ಟುಗಳನ್ನು ಮೊದಲು ಕೈಯಿಂದಷ್ಟೇ ತಿರುಗಿಸಿ ಬಿಡಬೇಕು. ಗೇರ್‌ಬಾಕ್ಸ್ ತನ್ನ ಭಾರದಿಂದ ಸಹಜ ಸ್ಥಾನದಲ್ಲಿ ಕುಳಿತ ಬಳಿಕ, ತಯಾರಕರು ಸೂಚಿಸಿದ ಬಿಗಿತಕ್ಕೆ ಟಾರ್ಕ್ ಸ್ಪ್ಯಾನರಿನಿಂದ ಬಿಗಿಯಲಾಗುತ್ತದೆ. ಮೊದಲೇ ಬಿಗಿದರೆ ರಬ್ಬರ್ ತಿರುಚಿದ ಸ್ಥಿತಿಯಲ್ಲೇ ಉಳಿದು ಬೇಗ ಹರಿಯುತ್ತದೆ.