ಕಣಕಾಲಿನ ಹೋಲ್‌ಸ್ಟರ್: ಕರಾವಳಿಯಲ್ಲಿ ಅದರ ಆಯ್ಕೆ, ಬಳಕೆ ಮತ್ತು ಮಿತಿ

ಏನಿದು?

ಪಿಸ್ತೂಲು ಅಥವಾ ರಿವಾಲ್ವರನ್ನು ಮೈಮೇಲೆ ಭದ್ರವಾಗಿ ಧರಿಸಲು ಬಳಸುವ ಒರೆಗೆ ಹೋಲ್‌ಸ್ಟರ್ ಎನ್ನುತ್ತಾರೆ. ಸೊಂಟ, ಪಕ್ಕೆ, ಭುಜದ ಕೆಳಭಾಗ ಇವೆಲ್ಲ ಅದನ್ನು ಕಟ್ಟುವ ರೂಢಿಯ ಸ್ಥಳಗಳು. ಪಾದದ ಗಂಟಿನ ಸ್ವಲ್ಪ ಮೇಲೆ, ಪ್ಯಾಂಟಿನ ಮರೆಯಲ್ಲಿ ಕಟ್ಟುವುದು ಕಣಕಾಲಿನ ಹೋಲ್‌ಸ್ಟರ್. ಹಲವು ದೇಶಗಳ ಪೊಲೀಸರು ಸೊಂಟದ ಮುಖ್ಯ ಆಯುಧದ ಜೊತೆಗೆ ಎರಡನೆಯ ಸಣ್ಣ ಆಯುಧವನ್ನು ಇಡಲು ಇದನ್ನು ಬಳಸುತ್ತ ಬಂದಿದ್ದಾರೆ.

ಉಡುಪಿ ಜಿಲ್ಲೆಯಲ್ಲಿ ಕೋವಿ ಎಂದರೆ ಜನರ ಮನಸ್ಸಿಗೆ ಬರುವುದು ಬೇರೆಯೇ ವಸ್ತು. ಕಾರ್ಕಳ, ಹೆಬ್ರಿಯ ಕಡೆ ಕಾಡಂಚಿನ ಕೃಷಿಕರು ಹಂದಿ, ಮಂಗಗಳಿಂದ ಬೆಳೆ ಉಳಿಸಿಕೊಳ್ಳಲು ಪರವಾನಗಿ ಪಡೆದು ಇಟ್ಟುಕೊಂಡ ಉದ್ದನಳಿಗೆಯ ಕೋವಿ ಅದು. ಅದರ ಜಾಗ ಹೆಗಲು. ಆತ್ಮರಕ್ಷಣೆಗೆಂದು ಪಿಸ್ತೂಲಿನ ಪರವಾನಗಿ ಹೊಂದಿದವರಿಗೆ ಮಾತ್ರ ಹೋಲ್‌ಸ್ಟರಿನ ಪ್ರಶ್ನೆ ಎದುರಾಗುತ್ತದೆ. ಆದರೆ ಅವರಿಗೆ ಅದು ಅಲಂಕಾರದ ಆಯ್ಕೆಯಲ್ಲ, ಕಾನೂನು ವಿಧಿಸಿದ ಅಗತ್ಯ.

ಕಾನೂನು ಏನು ಹೇಳುತ್ತದೆ?

ಭಾರತದಲ್ಲಿ ಬಂದೂಕು ಹೊಂದುವುದು 1959ರ ಆಯುಧ ಕಾಯ್ದೆ ಮತ್ತು 2016ರ ಆಯುಧ ನಿಯಮಗಳಿಗೆ ಒಳಪಟ್ಟಿದೆ. ಸಾಮಾನ್ಯವಾಗಿ 21 ವರ್ಷ ತುಂಬಿದವರು ಅರ್ಜಿ ಸಲ್ಲಿಸಬಹುದು. ಪೊಲೀಸ್ ವರದಿಯ ಆಧಾರದ ಮೇಲೆ ಜಿಲ್ಲಾಧಿಕಾರಿ ತೀರ್ಮಾನ ಕೈಗೊಳ್ಳುತ್ತಾರೆ. ಈ ಜಿಲ್ಲೆಯಲ್ಲಿ ಆ ಕಚೇರಿ ಇರುವುದು ಮಣಿಪಾಲದ ರಜತಾದ್ರಿಯಲ್ಲಿ. 2019ರ ತಿದ್ದುಪಡಿಯು ಸಾಮಾನ್ಯ ಪರವಾನಗಿದಾರ ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯನ್ನು 3ರಿಂದ 2ಕ್ಕೆ ಇಳಿಸಿ, ಪರವಾನಗಿಯ ಅವಧಿಯನ್ನು 3 ವರ್ಷದಿಂದ 5 ವರ್ಷಕ್ಕೆ ಏರಿಸಿತು.

ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲನ್ನು ಒಯ್ಯುವ ಬಗೆಯನ್ನೂ 2016ರ ನಿಯಮಗಳು ಹೇಳುತ್ತವೆ. ಅದು ಮೈಗೆ ಕಟ್ಟಿದ ಹೋಲ್‌ಸ್ಟರಿನಲ್ಲೋ ಅಂಥದೇ ಚೀಲದಲ್ಲೋ ಇರಬೇಕು, ಸಂಪೂರ್ಣವಾಗಿ ಮುಚ್ಚಿರಬೇಕು, ಒಯ್ಯುವವನ ಹತೋಟಿಯಲ್ಲಿರಬೇಕು. ಬೇರೆ ಕೆಲವು ದೇಶಗಳಲ್ಲಿ ಮರೆಮಾಡಿ ಒಯ್ಯಲು ವಿಶೇಷ ಅನುಮತಿ ಬೇಕು. ಇಲ್ಲಿ ಪ್ರದರ್ಶಿಸುವುದೇ ತಪ್ಪು. ಮರೆ ಮತ್ತು ಹತೋಟಿ ಎಂಬ ಈ ಎರಡು ಮಾತುಗಳೇ ಹೋಲ್‌ಸ್ಟರಿನ ಆಯ್ಕೆಗೆ ಅಳತೆಗೋಲು. ಕಣಕಾಲು ಮೊದಲನೆಯದನ್ನು ಸುಲಭವಾಗಿ ಒದಗಿಸುತ್ತದೆ. ಎರಡನೆಯದಕ್ಕೆ ಬಹಳ ಎಚ್ಚರ ಬೇಡುತ್ತದೆ.

ಹೊಂದುವ ಆಯುಧ

ನಾಗರಿಕರಿಗೆ 9 ಮಿ.ಮೀ. ಪಿಸ್ತೂಲು ನಿಷಿದ್ಧ ವರ್ಗಕ್ಕೆ ಸೇರುತ್ತದೆ. ಹಾಗಾಗಿ ಇಲ್ಲಿ ಹೆಚ್ಚು ಬಳಕೆಯಲ್ಲಿರುವುದು .32 ಅಳತೆಯ ರಿವಾಲ್ವರ್ ಮತ್ತು ಪಿಸ್ತೂಲು. ಕಾನ್ಪುರದ ಸರ್ಕಾರಿ ಆಯುಧ ಕಾರ್ಖಾನೆ 2014ರಲ್ಲಿ ಹೊರತಂದ ‘ನಿರ್ಭೀಕ್’ ರಿವಾಲ್ವರಿನ ತೂಕ ಸುಮಾರು 500 ಗ್ರಾಂ. ಕಾಲಿಗೆ ಕಟ್ಟಲು ಇದಕ್ಕಿಂತ ಹೆಚ್ಚು ಭಾರ ಹಿತವಲ್ಲ. ಸೊಂಟದಲ್ಲಿ ಗಮನಕ್ಕೇ ಬಾರದ ತೂಕ, ಹೆಜ್ಜೆಹೆಜ್ಜೆಗೂ ಎತ್ತಿ ಇಡುವ ಕಾಲಿನ ತುದಿಯಲ್ಲಿ ಸಂಜೆಯ ಹೊತ್ತಿಗೆ ನಡಿಗೆಯನ್ನೇ ಬದಲಿಸುತ್ತದೆ. ಹಾಗೆ ಬದಲಾದ ನಡಿಗೆ ನೋಡುವವರ ಕಣ್ಣಿಗೆ ಬೀಳುತ್ತದೆ. ಅಲ್ಲಿಗೆ ಮರೆಯೂ ಹೋಯಿತು. ನಳಿಗೆ ಗಿಡ್ಡದಾಗಿರಬೇಕು, ಹಿಡಿ ದಪ್ಪವಿದ್ದರೆ ಬಟ್ಟೆ ಉಬ್ಬುತ್ತದೆ.

ಹೋಲ್‌ಸ್ಟರಿನ ಆಯ್ಕೆ

ಒಳ್ಳೆಯ ಕಣಕಾಲಿನ ಹೋಲ್‌ಸ್ಟರಿಗೆ ನಾಲ್ಕು ಭಾಗಗಳಿರುತ್ತವೆ: ಕಾಲನ್ನು ಸುತ್ತುವ ಅಗಲವಾದ ಪಟ್ಟಿ, ಚರ್ಮಕ್ಕೆ ತಾಗುವ ಮೆತ್ತನೆಯ ಪದರ, ಆಯುಧ ಕೂರುವ ಒರೆ, ಮೀನಖಂಡದ ಮೇಲೆ ಕಟ್ಟುವ ಎರಡನೆಯ ಪಟ್ಟಿ. ಈ ಮೇಲಿನ ಪಟ್ಟಿಯನ್ನು ಹಲವರು ಅನಗತ್ಯವೆಂದು ಬಿಡುತ್ತಾರೆ. ಅದು ಸರಿಯಲ್ಲ. ಅದಿಲ್ಲದಿದ್ದರೆ ತೂಕವೆಲ್ಲ ಪಾದದ ಗಂಟಿನ ಮೇಲೆ ಜಾರಿ ಕೂರುತ್ತದೆ. ಜಾರದಿರಲೆಂದು ಕೆಳಗಿನ ಪಟ್ಟಿಯನ್ನು ಬಿಗಿದರೆ ಕಾಲು ಜೋಮು ಹಿಡಿಯುತ್ತದೆ. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಗ್ಗಿದವರು, ಕಾಲಿನ ರಕ್ತನಾಳಗಳ ತೊಂದರೆ ಇರುವವರು ಇದನ್ನು ಧರಿಸದಿರುವುದೇ ಒಳ್ಳೆಯದು.

ಒರೆಯು ನಿರ್ದಿಷ್ಟ ಮಾದರಿಯ ಆಯುಧಕ್ಕೆಂದೇ ತಯಾರಾಗಿರಬೇಕು. ಟ್ರಿಗರ್ ಮತ್ತು ಅದರ ಸುತ್ತಲಿನ ಬಳೆ ಪೂರ್ತಿ ಮುಚ್ಚಿರಬೇಕು. ಬಟ್ಟೆಯ ಮಡಿಕೆಯಾಗಲಿ ಬೆರಳಾಗಲಿ ಅಲ್ಲಿಗೆ ತಲುಪಬಾರದು. ಓಡುವಾಗ, ಮೆಟ್ಟಿಲು ಇಳಿಯುವಾಗ ಆಯುಧ ಹೊರಬೀಳದಂತೆ ಗುಂಡಿಯ ಪಟ್ಟಿಯೊಂದು ಬೇಕೇ ಬೇಕು. ‘ಎಲ್ಲ ಅಳತೆಗೂ ಹೊಂದುತ್ತದೆ’ ಎಂದು ಮಾರುವ ಸಡಿಲ ಚೀಲಗಳು ಈ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ.

ಕಟ್ಟುವ ಕ್ರಮ

ಬಲಗೈ ಬಳಸುವವರು ಎಡಗಾಲಿನ ಒಳಮಗ್ಗುಲಿಗೆ, ಎಡಗೈ ಬಳಸುವವರು ಬಲಗಾಲಿನ ಒಳಮಗ್ಗುಲಿಗೆ ಕಟ್ಟುತ್ತಾರೆ. ಹಿಡಿ ಹಿಂದಕ್ಕೆ ಮುಖ ಮಾಡಿರುತ್ತದೆ. ಹೊರಮಗ್ಗುಲಲ್ಲಿದ್ದರೆ ಬಾಗಿಲು, ಮೇಜಿನ ಕಾಲು, ಬೈಕಿನ ಭಾಗಗಳಿಗೆ ತಾಗುತ್ತದೆ. ಕೆಳಗೆ ಉದ್ದನೆಯ ಕಾಲುಚೀಲ ಇದ್ದರೆ ಬೆವರು ಮತ್ತು ಉಜ್ಜುವಿಕೆ ಕಡಿಮೆ. ಪ್ಯಾಂಟಿನ ಕೆಳತುದಿ ಸಡಿಲವಾಗಿದ್ದು, ಕುಳಿತಾಗಲೂ ಒರೆ ಕಾಣದಷ್ಟು ಉದ್ದವಿರಬೇಕು. ನಿಂತು ನೋಡಿಕೊಂಡರೆ ಸಾಲದು.

ನಿಂತಿರುವವನು ಆಯುಧವನ್ನು ತಲುಪಲು ಬಾಗಬೇಕು ಇಲ್ಲವೇ ಮಂಡಿಯೂರಬೇಕು. ಇದು ನಿಧಾನದ ಕೆಲಸ, ಆ ಹೊತ್ತಿನಲ್ಲಿ ದೃಷ್ಟಿಯೂ ಎದುರಿನಿಂದ ಕೆಳಕ್ಕೆ ಸರಿಯುತ್ತದೆ. ಕಾರಿನಲ್ಲಿ ಕುಳಿತವನಿಗೆ ಮಾತ್ರ ಸೊಂಟಕ್ಕಿಂತ ಕಾಲು ಕೈಗೆ ಹತ್ತಿರ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹಣವಿಟ್ಟುಕೊಂಡು ಓಡಾಡುವ ಉದ್ಯಮಿಗೆ ಇದರ ಪ್ರಯೋಜನ ಇಷ್ಟೇ. ಅಭ್ಯಾಸವನ್ನು ತರಬೇತುದಾರರ ಎದುರು, ತೋಟೆಗಳನ್ನು ತೆಗೆದು ಬೇರೆ ಕೋಣೆಯಲ್ಲಿಟ್ಟ ಬಳಿಕ ಮಾಡಬೇಕು. ಮನೆಗೆ ಬಂದೊಡನೆ ಆಯುಧ ಬೀಗದ ಪೆಟ್ಟಿಗೆಗೆ ಹೋಗಬೇಕು. ನೆಲದಲ್ಲಿ ಆಡುವ ಮಗುವಿನ ಕೈಗೆ ತಂದೆಯ ಕಾಲು ಎಷ್ಟು ಹತ್ತಿರವೆಂದು ಬೇರೆ ಹೇಳಬೇಕಿಲ್ಲ.

ಪಂಚೆ, ಪಂಕ್ತಿ, ಜಾತ್ರೆ

ಕರಾವಳಿಯ ಉಡುಗೆಗೂ ಈ ಹೋಲ್‌ಸ್ಟರಿಗೂ ಹೊಂದಾಣಿಕೆ ಕಡಿಮೆ. ಪಂಚೆ, ಲುಂಗಿಯನ್ನು ಎತ್ತಿ ಕಟ್ಟುವುದು ಇಲ್ಲಿನ ಸಹಜ ರೂಢಿ. ಎತ್ತಿ ಕಟ್ಟಿದೊಡನೆ ಒರೆ ಬಯಲಾಗುತ್ತದೆ, ನಿಯಮಭಂಗವೂ ಆಗುತ್ತದೆ. ಸೀರೆ ಮರೆ ಮಾಡುತ್ತದೆ, ಆದರೆ ನೆರಿಗೆ ಸರಿಸಲು ಎರಡೂ ಕೈ ಬೇಕು. ಚೂಡಿದಾರದ ಕಾಲು ಬಿಗಿಯಾಗಿರುವುದರಿಂದ ಉಬ್ಬು ಕಾಣುತ್ತದೆ. ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತರೆ ಪ್ಯಾಂಟು ಮೇಲೇರಿ ಗುಟ್ಟು ಪಕ್ಕದವರಿಗೆ ತಿಳಿಯುತ್ತದೆ.

ಇದಕ್ಕಿಂತ ದೊಡ್ಡ ಮಿತಿ ಪರವಾನಗಿಯ ಷರತ್ತಿನಲ್ಲೇ ಇದೆ. ಜಿಲ್ಲಾ ದಂಡಾಧಿಕಾರಿಯ ವಿಶೇಷ ಅನುಮತಿ ಇಲ್ಲದೆ ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಸಾರ್ವಜನಿಕ ಸಭೆಗೆ, ವಿದ್ಯಾಸಂಸ್ಥೆಯ ಆವರಣಕ್ಕೆ ಆಯುಧ ಒಯ್ಯುವಂತಿಲ್ಲ. ಈ ಷರತ್ತನ್ನು ಜಿಲ್ಲೆಯ ನಕ್ಷೆಯ ಮೇಲೆ ಇಟ್ಟು ನೋಡಿದರೆ ಅದರ ವ್ಯಾಪ್ತಿ ತಿಳಿಯುತ್ತದೆ. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ನಡೆಯುವ ಪರ್ಯಾಯ, ಪ್ರತಿ ವರ್ಷದ ವಿಟ್ಲಪಿಂಡಿ, ಕಾಪುವಿನ ಸುಗ್ಗಿ ಮಾರಿಪೂಜೆ, ಕಾರ್ಕಳದ ಅತ್ತೂರು ಸಂತ ಲಾರೆನ್ಸರ ಹಬ್ಬ, ಮಿಯ್ಯಾರಿನ ಕಂಬಳ ಇವೆಲ್ಲ ಅದರೊಳಗೆ ಬರುತ್ತವೆ. ಮಣಿಪಾಲದಲ್ಲಂತೂ ಊರಿನ ಬಹುಭಾಗವೇ ವಿದ್ಯಾಸಂಸ್ಥೆಗಳ ಆವರಣ. ಕಾಲಿಗೆ ಕಟ್ಟಿದ್ದು ಯಾರಿಗೂ ಕಾಣದು ಎಂಬುದು ಇಲ್ಲಿ ಸಮಜಾಯಿಷಿಯಾಗುವುದಿಲ್ಲ. ಪರವಾನಗಿಯು ಕರ್ನಾಟಕಕ್ಕಷ್ಟೇ ಸೀಮಿತವಾಗಿದ್ದರೆ ತಲಪಾಡಿ ದಾಟಿ ಕಾಸರಗೋಡಿಗೆ ಹೋಗುವಾಗಲೂ ಆಯುಧ ಮನೆಯಲ್ಲೇ ಉಳಿಯಬೇಕು.

ಮಳೆ ಮತ್ತು ಉಪ್ಪುಗಾಳಿ

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ. ಮೈಮೇಲೆ ಧರಿಸುವ ಆಯುಧಗಳಲ್ಲಿ ರಸ್ತೆಯ ನೀರಿಗೂ ಕೆಸರಿಗೂ ಅತಿ ಸಮೀಪವಿರುವುದು ಕಣಕಾಲಿನದೇ. ಕಾಪುವಿನಂಥ ಕಡಲ ಬದಿಯ ಊರುಗಳಲ್ಲಿ ಉಪ್ಪಿನ ಅಂಶವೂ ಸೇರಿ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ. ಆಟಿ ತಿಂಗಳಲ್ಲಿ ಬೆಲ್ಟು, ಚಪ್ಪಲಿಗಳ ಮೇಲೆ ಬೂಸ್ಟು ಬರುವ ಮನೆಯಲ್ಲಿ ಚರ್ಮದ ಒರೆಯೂ ಅದರಿಂದ ಪಾರಾಗದು. ನೆನೆದ ಚರ್ಮ ತೇವವನ್ನು ಹಿಡಿದಿಟ್ಟು ಲೋಹಕ್ಕೆ ದಾಟಿಸುವುದರಿಂದ ಆಯುಧವನ್ನು ಚರ್ಮದ ಒರೆಯಲ್ಲೇ ಬಿಟ್ಟು ಕಪಾಟಿನಲ್ಲಿಡುವುದು ದೊಡ್ಡ ತಪ್ಪು. ಇಲ್ಲಿಗೆ ನೀರು ಹೀರದ ಗಟ್ಟಿ ಪ್ಲಾಸ್ಟಿಕ್ಕಿನ ಒರೆ ಲೇಸು. ಧರಿಸಿದ ದಿನವೇ ಆಯುಧವನ್ನು ಒರೆಸಿ ಎಣ್ಣೆಯ ತೆಳು ಲೇಪ ಕೊಡಬೇಕು. ಪಟ್ಟಿಗಳನ್ನು ತೊಳೆದು ನೆರಳಿನಲ್ಲಿ ಒಣಗಿಸಬೇಕು.

ಚುನಾವಣೆಯ ದಿನಗಳು

ನೀತಿಸಂಹಿತೆ ಜಾರಿಯಾದಾಗ ಪರವಾನಗಿ ಹೊಂದಿದ ಆಯುಧಗಳನ್ನು ಪೊಲೀಸ್ ಠಾಣೆಯಲ್ಲಿ ಅಥವಾ ಅಧಿಕೃತ ಮಾರಾಟಗಾರರಲ್ಲಿ ಠೇವಣಿ ಇಡುವಂತೆ ಜಿಲ್ಲಾಡಳಿತ ಆದೇಶ ಹೊರಡಿಸುತ್ತದೆ. 2023ರ ವಿಧಾನಸಭೆ, 2024ರ ಲೋಕಸಭೆ ಚುನಾವಣೆಗಳಂತೆ ಇದು ಮತ್ತೆ ಮತ್ತೆ ಬರುವ ಸಂದರ್ಭ. ಬೆಳೆ ಕಾಯುವ ಕೃಷಿಕರು ತಮಗೆ ವಿನಾಯಿತಿ ಬೇಕೆಂದು ಕೇಳುವುದು ನ್ಯಾಯವಾಗಿಯೇ ಇದೆ. ಹಂದಿಗೆ ನೀತಿಸಂಹಿತೆ ತಿಳಿಯದು. ಠೇವಣಿ ಇಡುವಾಗ ಆಯುಧದ ಕ್ರಮಸಂಖ್ಯೆಯನ್ನು ನಮೂದಿಸಿದ ರಸೀದಿ ಪಡೆಯಬೇಕು. ಹಿಂಪಡೆಯುವಾಗ ಸಂಖ್ಯೆಯನ್ನು ತಾಳೆ ನೋಡಿ, ನಳಿಗೆಯೊಳಗೆ ತುಕ್ಕು ಹಿಡಿದಿದೆಯೇ ಎಂದು ಪರೀಕ್ಷಿಸಿ, ವಾರಗಟ್ಟಲೆ ಖಾಲಿ ಇದ್ದ ಹೋಲ್‌ಸ್ಟರಿನ ಪಟ್ಟಿಗಳ ಹಿಡಿತವನ್ನೂ ನೋಡಿದ ಮೇಲೆಯೇ ಮತ್ತೆ ಕಾಲಿಗೆ ಕಟ್ಟಬೇಕು.