ಒಡೆಯುವ ಹಡಗಿನ ಶೇಷತೈಲವೂ ಸುಂಕದ ವಿವಾದವೂ

ಪ್ರಾಚೀನ ಕರ್ಣಾಟಕದ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರುಗಳು ಪದೇ ಪದೇ ಬರುವುದು ವಾಚಕರಿಗೆ ವಿದಿತವಾಗಿರುವುದಷ್ಟೆ. ಎತ್ತಿನ ಹೇರಿಗೆ ಇಷ್ಟು, ಬಂಡಿಗೆ ಇಷ್ಟು, ತಲೆಹೊರೆಗೆ ಇಷ್ಟು ಎಂದು ಹೊರೆಯ ಲೆಕ್ಕದಲ್ಲಿ ಸುಂಕವನ್ನು ಕಟ್ಟುವುದು ಅಲ್ಲಿ ಸಾಮಾನ್ಯ. ಎಣ್ಣೆಯ ಮಾತಾದರೋ, ಗಾಣಕ್ಕೆ ಸೊಲ್ಲಗೆಯಂತೆ ಎಣ್ಣೆಯನ್ನೇ ದೇವರ ಸೊಡರಿಗೆ ಬಿಡುವುದುಂಟು. ಇಂಥ ಪದ್ಧತಿಯಲ್ಲಿ ಬೆಲೆಗಟ್ಟುವ ಜಗಳಕ್ಕೆ ಎಡೆ ಕಡಿಮೆ. ನರಸೀಪುರ, ಹೆಮ್ಮಿಗೆ, ತಲಕಾಡುಗಳ ಕಾವೇರೀತೀರದಲ್ಲಿ ಹೇರೆತ್ತು ಹೊಡೆದುಕೊಂಡು ಹೋಗುವವನು ಹೇರನ್ನು ತೋರಿಸಿದರೆ ಸಾಕು. ಚೀಲದ ಬೆಲೆಯೆಷ್ಟು, ಚೀಲದೊಳಗಿನದರ ಬೆಲೆಯೆಷ್ಟು ಎಂದು ಬೇರೆ ಬೇರೆಯಾಗಿ ಕೇಳುವ ಪ್ರಮೇಯವಿಲ್ಲ. ಇದರಿಂದ ವರ್ತಕರು ಸುಖವಾಗಿದ್ದರೆಂದು ತಿಳಿಯಲಾಗದು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಫಲವಿಲ್ಲವೆಂಬ ಗಾದೆ ಸುಮ್ಮನೆ ಹುಟ್ಟಲಿಲ್ಲ.

1799ರಲ್ಲಿ ಕನ್ನಡ ಜಿಲ್ಲೆ ಕಂಪೆನಿಯ ವಶವಾದ ಮೇಲೆ ಮೈಸೂರಿಗೆ ಕಡಲ ಕರೆ ಇಲ್ಲವಾಯಿತು. ಮಂಗಳೂರಿನಂತಹ ರೇವುಗಳಲ್ಲಿ ಮುಂದೆ ನಡೆದುದು ಬ್ರಿಟಿಷರ ಕಾನೂನು. 1878ರ ಸಮುದ್ರಸುಂಕದ ಶಾಸನವು ಸರಕಿನ ಸಗಟು ನಗದು ಬೆಲೆಯನ್ನು ಅದರ ನಿಜವಾದ ಬೆಲೆಯೆಂದು ಹಿಡಿಯಿತು. 1962ರ ಶಾಸನವು ಇದರ ಸ್ಥಾನಕ್ಕೆ ಬಂದಿತು. 2007ರ ತಿದ್ದುಪಡಿಯಿಂದ ಕೊಟ್ಟ ಅಥವಾ ಕೊಡಬೇಕಾದ ಕ್ರಯವೇ ಸುಂಕಕ್ಕೆ ಮೂಲವಾಯಿತು. ಹೊರೆ ಹೋಗಿ ಬೆಲೆ ಬಂದಾಗ, ಕೊಂಡುದು ಯಾವುದು, ಅದರೊಡನೆ ಬಂದುದು ಯಾವುದು ಎಂಬ ಪ್ರಶ್ನೆಯೂ ಬಂದಿತು. ಇದು ಅತ್ಯಂತ ತೀಕ್ಷ್ಣವಾಗಿ ಕಾಣಿಸಿಕೊಂಡುದು ನಮ್ಮ ನಾಡಿನಲ್ಲಲ್ಲ, ಗುಜರಾತಿನ ಆಲಂಗಿನಲ್ಲಿ.

ಖಂಭಾತ್ ಕೊಲ್ಲಿಯ ಈ ದಡದಲ್ಲಿ ಸಮುದ್ರದ ಉಬ್ಬರವು ಬಹಳ ಎತ್ತರವಾದುದರಿಂದ ಮುದಿ ಹಡಗುಗಳನ್ನು ಉಬ್ಬರದ ವೇಳೆಯಲ್ಲಿ ದಡಕ್ಕೆ ಓಡಿಸಿ, ನೀರಿಳಿದ ಮೇಲೆ ಒಡೆಯುವರು. ಈ ಉದ್ಯಮವು ಅಲ್ಲಿ 1983ರಲ್ಲಿ ಆರಂಭವಾಯಿತು. ಹಡಗು ತನ್ನ ಯಂತ್ರದ ಬಲದಿಂದಲೇ ದಡವನ್ನೇರಬೇಕಾಗಿರುವುದರಿಂದ ಅದರಲ್ಲಿ ಉರುವಲ ಎಣ್ಣೆ ಇದ್ದೇ ತೀರಬೇಕು. ಏರಿದ ಮೇಲೆ ಒಂದಷ್ಟು ಉಳಿದೇ ಉಳಿಯುವುದು. ಹಡಗಿಗೆ ಕ್ರಯವನ್ನು ಕಟ್ಟುವುದಾದರೋ ಬರಿದಾದ ಹಡಗಿನ ತೂಕದ ಮೇಲೆ, ಟನ್ನಿಗೆ ಇಷ್ಟೆಂದು. ಆ ತೂಕದಲ್ಲಿ ಸರಕು, ನೀರು, ಎಣ್ಣೆ ಯಾವುದೂ ಸೇರದು.

ವಿವಾದದ ಬೀಜವಿರುವುದು ಇಲ್ಲಿಯೇ. ಎಣ್ಣೆಯು ತೂಕದಲ್ಲಿ ಸೇರದಿದ್ದ ಮೇಲೆ ಅದು ಬೇರೆ ಸರಕು, ಅದಕ್ಕೆ ಬೇರೆ ಬೆಲೆ ಕಟ್ಟಿ ಖನಿಜತೈಲದ ಅಧ್ಯಾಯದಂತೆ ಸುಂಕ ತೆರಬೇಕು ಎಂದು ಸುಂಕದವರು. ನಾವು ಕೊಟ್ಟ ಕ್ರಯ ಇಡೀ ಹಡಗಿಗೆ, ಇದ್ದುದು ಇದ್ದಂತೆ. ಎಣ್ಣೆಗೆಂದು ಬೇರೆ ಹಣ ಕೊಟ್ಟಿಲ್ಲ, ಮತ್ತೆ ಬೆಲೆ ಕಟ್ಟಿದರೆ ಒಂದೇ ವಸ್ತುವಿಗೆ ಎರಡು ಸಲ ತೆತ್ತಂತಾಗುವುದು ಎಂದು ಒಡೆಯುವವರು. ತೂಕವು ಕ್ರಯವನ್ನು ಅಳೆಯುವ ಕೋಲು ಮಾತ್ರವೇ ಹೊರತು ಮಾರಿದ ವಸ್ತುಗಳ ಪಟ್ಟಿಯಲ್ಲವಾದುದರಿಂದ ಎರಡನೆಯವರ ವಾದವೇ ನಮಗೆ ಬಲವತ್ತರವಾಗಿ ತೋರುತ್ತದೆ. ಆದರೆ ತೊಟ್ಟಿಗಳಲ್ಲಿ ಬೇಕೆಂದೇ ಎಣ್ಣೆಯನ್ನು ತುಂಬಿ ತರುವವನಿಗೆ ಇದೇ ವಾದವು ಆಶ್ರಯವಾಗಬಹುದೆಂಬ ಸುಂಕದವರ ಸಂಶಯವನ್ನು ಅಲ್ಲಗಳೆಯುವಂತಿಲ್ಲ.

1996ರ ಜುಲೈ 3ರಂದು ಕೇಂದ್ರದ ಮಂಡಲಿಯು ಒಂದು ಸುತ್ತೋಲೆಯಿಂದ ಗೆರೆಯೊಂದನ್ನು ಎಳೆಯಿತು. ಹಡಗಿನ ಯಂತ್ರಾಗಾರದೊಳಗಿನ ಎಣ್ಣೆಯು ಹಡಗಿನೊಡನೆಯೇ, ಅಂದರೆ ಒಡೆಯುವ ನೌಕೆಗಳಿಗಾಗಿ ಇರುವ 89.08ನೆಯ ಶೀರ್ಷಿಕೆಯಲ್ಲಿ, ಹೊರಗಿನದು ಬೇರೆ, 27ನೆಯ ಅಧ್ಯಾಯದಲ್ಲಿ. ಗೆರೆಯು ಕಾಗದದ ಮೇಲೆ ನೇರವಾಗಿದ್ದಿತು, ಹಡಗಿನಲ್ಲಿ ಹಾಗಿರಲಿಲ್ಲ. ದೊಡ್ಡ ತೊಟ್ಟಿಗಳು ಯಂತ್ರಾಗಾರದ ಗೋಡೆಯ ಆಚೆ ಇದ್ದರೂ ಕೊಳವೆಗಳ ಮೂಲಕ ಯಂತ್ರಕ್ಕೇ ಎಣ್ಣೆಯನ್ನು ಉಣಿಸುವುವು. ಗೋಡೆಯನ್ನು ನೋಡಬೇಕೆ, ಕೊಳವೆಯನ್ನು ನೋಡಬೇಕೆ? 2022ರಲ್ಲಿ ಅಹಮದಾಬಾದಿನ ಸುಂಕದ ಮೇಲ್ಮನವಿ ನ್ಯಾಯಮಂಡಲಿಯು ಕೊಳವೆಯನ್ನೇ ಪ್ರಧಾನವಾಗಿ ಹಿಡಿದು, ಅಂಥ ತೊಟ್ಟಿ ಯಂತ್ರಾಗಾರದ ಒಳಗಿರಲಿ ಹೊರಗಿರಲಿ, ಅದರಲ್ಲಿ ಉಳಿದ ಎಣ್ಣೆಯು 89.08ನೆಯ ಶೀರ್ಷಿಕೆಯಲ್ಲಿ ಹಡಗಿನೊಡನೆಯೇ ಸಲ್ಲತಕ್ಕುದೆಂದು ನಿರ್ಣಯಿಸಿತು.