ರುಚಿಗೆ ಸಿಕ್ಕ ಮಾತು

ಮೈಕೆಲ್ ಜಾಕ್ಸನ್ ಎಂಬ ಹೆಸರು ಕೇಳಿದೊಡನೆ ಯಾರಿಗಾದರೂ ನೆನಪಾಗುವುದು ಹಾಡು ಮತ್ತು ಕುಣಿತ. ಆದರೆ ಅದೇ ಹೆಸರಿನ ಮತ್ತೊಬ್ಬರು ಇಂಗ್ಲೆಂಡಿನಲ್ಲಿದ್ದರು. ಗಡ್ಡ ಬಿಟ್ಟು ಕನ್ನಡಕ ಹಾಕುತ್ತಿದ್ದ ಈ ಮೈಕೆಲ್ ಜಾಕ್ಸನ್ ಹಾಡಲೂ ಇಲ್ಲ, ಕುಣಿಯಲೂ ಇಲ್ಲ. ಊರೂರು ಸುತ್ತಿ ಬೀರು ಕುಡಿದರು. ಅದರ ರುಚಿ ಹೇಗಿತ್ತೆಂದು ಬರೆದರು. ಇಷ್ಟು ಮಾಡಿ ಒಬ್ಬ ಮನುಷ್ಯ ಚರಿತ್ರೆಯಲ್ಲಿ ಉಳಿಯುವುದುಂಟೇ ಎಂದು ಯಾರಾದರೂ ಕೇಳಬಹುದು. ಇಂದು ಅನೇಕ ದೇಶಗಳಲ್ಲಿ ಬೀರುಪ್ರಿಯರು ಮನೆಯ ಮೇಜಿನ ಮೇಲೆ ನಾಲ್ಕಾರು ಬಾಟಲಿ ಸಾಲಾಗಿಟ್ಟು, ಬಣ್ಣ, ವಾಸನೆ, ರುಚಿ ಎಂದು ವಿಂಗಡಿಸಿ ಟಿಪ್ಪಣಿ ಬರೆದುಕೊಳ್ಳುತ್ತಾರೆ. ಈ ಹವ್ಯಾಸದ ಬೇರು ಹುಡುಕುತ್ತ ಹೋದರೆ ದಾರಿ ಬಹುಮಟ್ಟಿಗೆ ಇವರ ಬಳಿಗೇ ಬಂದು ನಿಲ್ಲುತ್ತದೆ.

ಜಾಕ್ಸನ್ ಹುಟ್ಟಿದ್ದು 1942ರಲ್ಲಿ, ಯಾರ್ಕ್‌ಷೈರ್ ಪ್ರಾಂತ್ಯದಲ್ಲಿ. ತಂದೆ ಲಾರಿ ಚಾಲಕ. ಹದಿನಾರನೆಯ ವಯಸ್ಸಿಗೇ ಶಾಲೆ ಬಿಟ್ಟ ಹುಡುಗ ಸ್ಥಳೀಯ ಪತ್ರಿಕೆಯೊಂದರ ವರದಿಗಾರನಾದ. ಮುಂದೆ ಬೀರಿನ ಬಗ್ಗೆ ಬರೆಯುವಾಗಲೂ ಅವರು ಕೈಬಿಡದಿದ್ದುದು ವರದಿಗಾರನ ಅಭ್ಯಾಸವನ್ನೇ: ಸ್ಥಳಕ್ಕೆ ಹೋಗುವುದು, ಕೇಳುವುದು, ಬರೆದುಕೊಳ್ಳುವುದು.

ಒಂದೇ ರುಚಿಯ ಕಾಲ

ಅವರು ಬರೆಯಲಾರಂಭಿಸಿದ ಕಾಲ ಬೀರಿಗೆ ಒಳ್ಳೆಯ ಕಾಲವಾಗಿರಲಿಲ್ಲ. 1873ರಲ್ಲಿ ಅಮೆರಿಕದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಬ್ರೂವರಿಗಳಿದ್ದವು. ರೈಲು ಮತ್ತು ಶೈತ್ಯೀಕರಣ ಬಂದು ದೊಡ್ಡ ಕಂಪೆನಿಗಳ ಮಾಲು ದೂರದ ಊರುಗಳನ್ನು ತಲುಪಿತು. 1920ರಿಂದ 1933ರವರೆಗಿನ ಪಾನನಿಷೇಧ ಸಣ್ಣವರ ಸೊಂಟ ಮುರಿಯಿತು. ಅಳಿದುಳಿದವನ್ನು ದೊಡ್ಡವು ಕೊಂಡುಕೊಂಡವು ಅಥವಾ ಪೈಪೋಟಿಯಲ್ಲಿ ಮುಳುಗಿಸಿದವು. 1970ರ ದಶಕದ ಕೊನೆಗೆ ಅಷ್ಟು ದೊಡ್ಡ ದೇಶದಲ್ಲಿ ಉಳಿದಿದ್ದ ಬ್ರೂವರಿಗಳು ನೂರಕ್ಕಿಂತ ಕಡಿಮೆ. ಅವುಗಳಲ್ಲಿ ಹೆಚ್ಚಿನವು ತಯಾರಿಸುತ್ತಿದ್ದುದು ಒಂದೇ ಬಗೆಯ ತೆಳು ಹಳದಿ ಲಾಗರ್ ಬೀರು.

ಯೂರೋಪಿನಲ್ಲೂ ಪರಿಸ್ಥಿತಿ ಅದೇ ದಾರಿಯಲ್ಲಿತ್ತು. ಬ್ರಿಟನ್ನಿನಲ್ಲಿ ಪೀಪಾಯಿಯಲ್ಲೇ ಹುದುಗಿ ಹದವಾಗುವ ಸಾಂಪ್ರದಾಯಿಕ ಏಲ್ ಮರೆಯಾಗತೊಡಗಿದಾಗ, 1971ರಲ್ಲಿ ನಾಲ್ವರು ಯುವಕರು ಅದರ ಉಳಿವಿಗಾಗಿ ‘ಕಾಮ್ರಾ’ ಎಂಬ ಗ್ರಾಹಕರ ಚಳವಳಿ ಆರಂಭಿಸಿದರು. ಬೆಲ್ಜಿಯಂನ ಹೂಗಾರ್ಡನ್ ಎಂಬ ಪುಟ್ಟ ಊರಿನಲ್ಲಿ ಗೋಧಿಯಿಂದ ತಯಾರಾಗುತ್ತಿದ್ದ ಬಿಳಿ ಬೀರಿನ ಕೊನೆಯ ಬ್ರೂವರಿ 1950ರ ದಶಕದಲ್ಲಿ ಬಾಗಿಲು ಹಾಕಿತು. ಅದರ ನೆರೆಮನೆಯಲ್ಲಿ ಬೆಳೆದು, ಚಿಕ್ಕಂದಿನಲ್ಲಿ ಅಲ್ಲಿ ಕೈಗೆಲಸ ಮಾಡಿದ್ದ ಪಿಯೆರ್ ಸೆಲಿಸ್ ಎಂಬ ಹಾಲು ಮಾರುವವರು ಹತ್ತು ವರ್ಷದ ತರುವಾಯ ನೆನಪಿನ ಬಲದಿಂದಲೇ ಆ ಬೀರನ್ನು ಮತ್ತೆ ತಯಾರಿಸಿದರು. ಅದಕ್ಕೆ ಬೀಳುತ್ತಿದ್ದ ಮಸಾಲೆಗಳಲ್ಲಿ ಒಂದು ನಮ್ಮ ಸಾರಿನ ಪುಡಿಯ ಕೊತ್ತಂಬರಿ ಬೀಜ, ಮತ್ತೊಂದು ಕಿತ್ತಳೆ ಸಿಪ್ಪೆ.

ಎಲ್ಲ ಊರಿಗೂ ಒಬ್ಬ ಸೆಲಿಸ್ ಸಿಗಲಿಲ್ಲ. ಒಂದು ಬೀರು ಸತ್ತರೆ ಅದು ಹೇಗಿತ್ತೆಂದು ಹೇಳಲು ಜನರ ಬಳಿ ಪದಗಳೂ ಇರಲಿಲ್ಲ. ಅಡುಗೆಮನೆಯಲ್ಲಿ ನಾವು ಒಗರು, ಕಮಟು, ಸೀದ ವಾಸನೆ, ಹಸಿ ವಾಸನೆ ಎಂದು ಎಷ್ಟು ಸಲೀಸಾಗಿ ಹೇಳುತ್ತೇವೆ! ಬೀರಿನ ವಿಷಯದಲ್ಲಿ ಸಾಮಾನ್ಯ ಗ್ರಾಹಕನ ಬಾಯಲ್ಲಿದ್ದುದು ‘ಚೆನ್ನಾಗಿದೆ’ ಮತ್ತು ‘ಚೆನ್ನಾಗಿಲ್ಲ’ ಎಂಬ ಎರಡೇ ಮಾತು. ಹೆಸರಿಲ್ಲದ ರುಚಿಯನ್ನು ಅಂಗಡಿಯಲ್ಲಿ ಕೇಳುವುದಾದರೂ ಹೇಗೆ?

1977ರಲ್ಲಿ ಬಂದ ಜಾಕ್ಸನ್ನರ ‘ದಿ ವರ್ಲ್ಡ್ ಗೈಡ್ ಟು ಬಿಯರ್’ ಪುಸ್ತಕದ ಮಹತ್ವ ಇರುವುದು ಇಲ್ಲಿಯೇ. ಜಗತ್ತಿನ ಬೀರುಗಳನ್ನು ಅವರು ಕಂಪೆನಿಗಳ ಹೆಸರಿನಿಂದ ಜೋಡಿಸಿ ನಿಲ್ಲಿಸಲಿಲ್ಲ. ಮೂಲ, ತಯಾರಿಕೆಯ ಕ್ರಮ, ಗುಣಗಳನ್ನು ನೋಡಿ ‘ಶೈಲಿ’ಗಳಾಗಿ ವಿಂಗಡಿಸಿದರು. ಸೆಲಿಸ್ ಅವರ ಬಿಳಿ ಬೀರಿನಂತಹವು ಊರಿನ ಗಡಿ ದಾಟಿ ಹೊರಗಿನವರಿಗೆ ಪರಿಚಯವಾದುದರಲ್ಲಿ ಇಂತಹ ಬರವಣಿಗೆಯ ಪಾಲು ದೊಡ್ಡದು.

ಅಡುಗೆಮನೆಗೆ ಬಂದ ಬೀರು

ಪುಸ್ತಕದಲ್ಲಿ ಓದಿದ ಬೀರು ಅಮೆರಿಕದ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ಹಾಗಾದರೆ ಮನೆಯಲ್ಲೇ ಏಕೆ ಮಾಡಬಾರದು? ಪಾನನಿಷೇಧ ಮುಗಿದಾಗ ಮನೆಬಳಕೆಯ ವೈನಿಗೆ ಸಿಕ್ಕ ವಿನಾಯಿತಿ ಬೀರಿಗೆ ಸಿಕ್ಕಿರಲಿಲ್ಲ. ಆದರೂ ಕದ್ದುಮುಚ್ಚಿ ತಯಾರಿಸುವವರಿದ್ದರು. ಬ್ರಿಟನ್ 1963ರಲ್ಲೇ ಮನೆ ಬೀರಿಗೆ ಲೈಸೆನ್ಸ್ ಬೇಡವೆಂದಿತ್ತು. ಅಮೆರಿಕದಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರ್ 14ರಂದು ಸಹಿ ಹಾಕಿದ ಕಾಯ್ದೆಯ ಪ್ರಕಾರ, ಒಬ್ಬ ವಯಸ್ಕ ವರ್ಷಕ್ಕೆ 100 ಗ್ಯಾಲನ್, ಅಂದರೆ ಸುಮಾರು 380 ಲೀಟರ್, ಬೀರನ್ನು ಸ್ವಂತ ಬಳಕೆಗೆ ತೆರಿಗೆಯಿಲ್ಲದೆ ತಯಾರಿಸಬಹುದಾಯಿತು. ಮಾರುವಂತಿರಲಿಲ್ಲ. ರಾಜ್ಯಗಳಿಗೆ ತಮ್ಮದೇ ನಿಷೇಧ ಹೇರುವ ಹಕ್ಕೂ ಇತ್ತು. ಕೊನೆಯ ಎರಡು ರಾಜ್ಯಗಳಾದ ಅಲಬಾಮಾ ಮತ್ತು ಮಿಸಿಸಿಪ್ಪಿ ಒಪ್ಪಿದ್ದು 2013ರಲ್ಲಿ.

ಅದೇ 1978ರ ಡಿಸೆಂಬರಿನಲ್ಲಿ, ಅಣುವಿಜ್ಞಾನದ ಎಂಜಿನಿಯರಿಂಗ್ ಓದಿ ಶಾಲಾ ಶಿಕ್ಷಕರಾಗಿದ್ದ ಚಾರ್ಲಿ ಪಪೇಜಿಯನ್ ಕೊಲೊರಾಡೊದ ಬೋಲ್ಡರ್ ನಗರದಲ್ಲಿ ಮನೆ ಬೀರು ತಯಾರಕರ ಸಂಘ ಕಟ್ಟಿದರು. ಸದಸ್ಯರು ತಮ್ಮ ಬೀರನ್ನು ಪರಸ್ಪರ ಹಂಚಿಕೊಂಡು ಕುಡಿಯುತ್ತಿದ್ದರು. ಆದರೆ ಸ್ನೇಹಿತನ ಬೀರು ಹುಳಿಯಾಗಿದ್ದರೆ ಏನು ಹೇಳುವುದು? ಮುಖ ನೋಡಿ ಹೊಗಳಿದರೆ ಮುಂದಿನ ಬಾರಿಯೂ ಹುಳಿಯೇ ಗತಿ.

ಇದಕ್ಕೆ ಪರಿಹಾರ 1985ರಲ್ಲಿ ಆರಂಭವಾದ ತೀರ್ಪುಗಾರರ ಪ್ರಮಾಣೀಕರಣ ವ್ಯವಸ್ಥೆ. ಅದರ ಅಂಕಪಟ್ಟಿಯಲ್ಲಿ ಒಟ್ಟು 50 ಅಂಕಗಳು: ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಆಗುವ ಸ್ಪರ್ಶಕ್ಕೆ 5, ಒಟ್ಟಾರೆ ಅಭಿಪ್ರಾಯಕ್ಕೆ 10. ಬಣ್ಣ, ನೊರೆ ಎಷ್ಟೇ ಚಂದವಿದ್ದರೂ ಮೂರಕ್ಕಿಂತ ಹೆಚ್ಚು ಅಂಕ ದಕ್ಕದು. ವಾಸನೆಯ ಪಾಲು ಅದರ ನಾಲ್ಕರಷ್ಟು.

ಮನೆಯಲ್ಲಿ ರುಚಿ ನೋಡುವವರು ಅನುಸರಿಸುವ ಕ್ರಮವೂ ಹೆಚ್ಚುಕಡಿಮೆ ಇದೇ. ಲೋಟದಲ್ಲಿ ಸೋಪಿನ ಅಂಶ ಉಳಿದಿರಬಾರದು, ನೊರೆ ಸಾಯುತ್ತದೆ. ಬೀರು ಹಿಮದಂತೆ ತಣ್ಣಗಿರಬಾರದು, ವಾಸನೆ ಏಳುವುದಿಲ್ಲ. ಸುರಿದ ಕೂಡಲೇ ಮೂಸಬೇಕು, ಏಕೆಂದರೆ ಮೊದಲು ಹಾರಿಹೋಗುವುದು ಪರಿಮಳ. ವೈನ್ ಪರೀಕ್ಷಕರು ಗುಟುಕನ್ನು ಉಗುಳುವುದುಂಟು. ಬೀರಿನಲ್ಲಿ ಹಾಪ್ಸ್ ಹೂವಿನ ಕಹಿ ಎಷ್ಟು ಹೊತ್ತು ಉಳಿಯುತ್ತದೆಂದು ತಿಳಿಯಲು ಸಾಮಾನ್ಯವಾಗಿ ಸ್ವಲ್ಪ ನುಂಗಿಯೇ ನೋಡುತ್ತಾರೆ.

ವಾಸನೆ ಹೇಳುವ ಗುಟ್ಟು

ಈ ನಡುವೆ ಮಾರ್ಟೆನ್ ಮೈಲ್‌ಗಾರ್ಡ್ ಎಂಬ ಡೆನ್ಮಾರ್ಕಿನ ವಿಜ್ಞಾನಿ ಮತ್ತು ಅವರ ಸಹೋದ್ಯೋಗಿಗಳು 1970ರ ದಶಕದಲ್ಲಿ ಬೀರಿನ ನೂರಕ್ಕೂ ಹೆಚ್ಚು ರುಚಿ-ವಾಸನೆಗಳಿಗೆ ನಿಶ್ಚಿತ ಹೆಸರು ಕೊಟ್ಟು ಒಂದು ಚಕ್ರದಲ್ಲಿ ಜೋಡಿಸಿದರು. ಹೆಸರಿನ ಜೊತೆಗೆ ಕಾರಣ ಹುಡುಕುವುದೂ ಸುಲಭವಾಯಿತು.

ಬೀರಿನಲ್ಲಿ ಬೆಣ್ಣೆಯ ವಾಸನೆ ಬಂದರೆ ಯೀಸ್ಟ್ ತನ್ನ ಕೆಲಸ ಮುಗಿಸುವ ಮೊದಲೇ ತಯಾರಕ ಅವಸರಪಟ್ಟಿರಬಹುದು. ಬೆಂದ ಮುಸುಕಿನ ಜೋಳದ ವಾಸನೆಯಾದರೆ ಬಾರ್ಲಿಯ ರಸವನ್ನು ಚೆನ್ನಾಗಿ ಕುದಿಸಿಲ್ಲ. ಒದ್ದೆ ರಟ್ಟಿನ ವಾಸನೆಯಾದರೆ ಗಾಳಿ ತಾಗಿ ಹಳತಾಗಿದೆ. ಬಿಸಿಲು ಬಿದ್ದರೆ ಹಾಪ್ಸಿನ ಅಂಶಗಳು ಒಡೆದು ಗಂಧಕಯುಕ್ತ ದುರ್ವಾಸನೆ ಹುಟ್ಟುತ್ತದೆ. ಬೀರಿನ ಬಾಟಲಿಗಳು ಹೆಚ್ಚಾಗಿ ಕಂದು ಬಣ್ಣದವಾಗಿರುವುದು ಇದನ್ನು ತಡೆಯಲು. ಹೀಗೆ ಮನೆಯ ಮೇಜಿನ ಟಿಪ್ಪಣಿ ಕೇವಲ ಇಷ್ಟಾನಿಷ್ಟದ ಮಾತಾಗಿ ಉಳಿಯದೆ, ತಯಾರಿಕೆಯ ತಪ್ಪು ತಿದ್ದುವ ಸಾಧನವಾಯಿತು.

ತಿದ್ದಿಕೊಂಡವರು ಮುಂದೆ ಅಂಗಡಿ ತೆರೆದರು. ಮನೆ ಬೀರಿನ ಸಾಮಗ್ರಿ ಮಾರುತ್ತಿದ್ದ ಕೆನ್ ಗ್ರಾಸ್‌ಮನ್ 1980ರಲ್ಲಿ ಕ್ಯಾಲಿಫೋರ್ನಿಯದಲ್ಲಿ ‘ಸಿಯೆರಾ ನೆವಾಡ’ ಆರಂಭಿಸಿದರು. ಅವರಂತಹ ನೂರಾರು ಜನರ ಹಿಂದೆಯೂ ಮನೆಯ ಪಾತ್ರೆಯೊಂದಿತ್ತು. 2023ರ ಹೊತ್ತಿಗೆ ಅಮೆರಿಕದ ಬ್ರೂವರಿಗಳ ಸಂಖ್ಯೆ ಒಂಬತ್ತು ಸಾವಿರ ದಾಟಿತ್ತು. ಈ ಅಲೆಯ ಒಂದು ತುದಿ ಬೆಂಗಳೂರನ್ನೂ ಮುಟ್ಟಿತು: 2010ರ ಸುಮಾರಿಗೆ ಸರ್ಕಾರ ಸಣ್ಣ ಬ್ರೂವರಿಗಳಿಗೆ ಅವಕಾಶ ನೀಡಿದ ಮೇಲೆ, ಒಂದೇ ಬಗೆಯ ಲಾಗರಿಗೆ ಒಗ್ಗಿದ್ದ ಊರಿನಲ್ಲಿ ಗೋಧಿ ಬೀರು, ಕಪ್ಪು ಸ್ಟೌಟ್‌ಗಳ ಹೆಸರು ಕೇಳಿಬಂತು. ಆದರೆ ಮನೆಯಲ್ಲಿ ತಯಾರಿಸುವ ಮಾತು ಬೇರೆ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಂತೆ ಲೈಸೆನ್ಸ್ ಇಲ್ಲದೆ ಮಾದಕ ಪೇಯ ತಯಾರಿಸುವಂತಿಲ್ಲ. ಇಲ್ಲಿನ ಆಸಕ್ತರ ಪಾಲಿಗೆ ಉಳಿದಿರುವುದು ರುಚಿ ನೋಡುವ ಮತ್ತು ಬರೆಯುವ ಅರ್ಧ ಭಾಗ ಮಾತ್ರ.

ಮಾತು ಕಾಪಾಡುತ್ತದೆ, ಕಟ್ಟಿಯೂ ಹಾಕುತ್ತದೆ. ಅಂಕಪಟ್ಟಿಗೆ ತಕ್ಕ ಬೀರು ಮಾಡುವ ಆತುರದಲ್ಲಿ ಪಟ್ಟಿಯಲ್ಲಿ ಇಲ್ಲದ ರುಚಿಗಳು ಹೊರಗುಳಿಯುವ ಅಪಾಯವಿದೆ. ನಾರ್ವೆಯ ಹಳ್ಳಿಗಳಲ್ಲಿ ರೈತರು ‘ಕ್ವೈಕ್’ ಎಂಬ ಮನೆತನದ ಯೀಸ್ಟನ್ನು ನಮ್ಮ ಮನೆಗಳ ಹೆಪ್ಪಿನಂತೆ ತಲೆಮಾರುಗಳಿಂದ ಉಳಿಸಿಕೊಂಡು ಬಂದಿದ್ದರೂ, ಹೊರಜಗತ್ತಿನ ತಯಾರಕರು ಅದರತ್ತ ತಿರುಗಿದ್ದು ತೀರಾ ಈಚೆಗೆ, 2010ರ ದಶಕದಲ್ಲಿ. ನಮ್ಮ ರಾಗಿಯಿಂದಲೇ ಸಿಕ್ಕಿಂ, ನೇಪಾಳದ ಬೆಟ್ಟಗಳಲ್ಲಿ ತಯಾರಾಗಿ, ಬಿಸಿನೀರು ಹೊಯ್ದು ಕೊಳವೆಯಿಂದ ಹೀರುವ ‘ತೋಂಗ್ಬಾ’ವನ್ನು ವರ್ಣಿಸಲು ಯೂರೋಪಿನ ಬೀರುಗಳಿಗಾಗಿ ಹುಟ್ಟಿದ ಪದಗಳು ಸಾಲುವುದಿಲ್ಲ.

ಮೈಕೆಲ್ ಜಾಕ್ಸನ್ 2007ರ ಆಗಸ್ಟ್ 30ರಂದು ಲಂಡನ್ನಿನಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಕಾಯಿಲೆ ಅವರನ್ನು ಕಾಡಿತ್ತು. ಅವರು ಕುಡಿದ ಬೀರುಗಳಲ್ಲಿ ಎಷ್ಟೋ ಇಂದು ಇಲ್ಲ. ಆದರೆ ಅವು ಹೇಗಿದ್ದವೆಂಬುದು ಅವರ ಪುಟಗಳಲ್ಲಿದೆ. ಬರೆದಿಟ್ಟ ರುಚಿಯನ್ನು ಹುಡುಕಿಕೊಂಡು ಇನ್ನೊಬ್ಬ ಸೆಲಿಸ್ ಎಂದಾದರೂ ಬಂದಾನು. ಬರೆಯದೆ ಹೋದ ರುಚಿ ಮಾತ್ರ ಉಂಡವರ ಜೊತೆಗೇ ಹೋಗುತ್ತದೆ. ಅದು ಬೀರಿನದಾದರೂ ಅಷ್ಟೆ, ಅಜ್ಜಿಯ ಕೈಯ ಸಾರಿನದಾದರೂ ಅಷ್ಟೆ.